ಒಳ್ಳೆಯ ಕೆಲಸಕ್ಕೆ ಯಾರ ಜಾಗ?



ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿಯಲ್ಲಿ ಹೋಗಿಬರುವವರಿಗೆ ಅಂತರಸನಹಳ್ಳಿಯ ಪರಿಚಯ ಇದ್ದೇ ಇರುತ್ತದೆ. ಒಂದು ಕಾಲಕ್ಕೆ ಹೊಲಗಳ ನಡುವೆ ಇದ್ದ ಊರಿನಲ್ಲಿ ಇಂದು ಕೈಗಾರಿಕಾ ಪ್ರದೇಶವಿದೆ, ತರಕಾರಿ ಮಾರುಕಟ್ಟೆಯಿದೆ. ಹಗಲಿರುಳು ಲಾರಿಗಳು ಓಡಾಡುತ್ತವೆ. ತುಮಕೂರು ಈಗ ಮಹಾನಗರ ಪಾಲಿಕೆ. 2011ರ ಜನಗಣತಿಯಲ್ಲೇ ನಗರದ ಜನಸಂಖ್ಯೆ ಮೂರು ಲಕ್ಷ ದಾಟಿತ್ತು. 2016ರಲ್ಲಿ ನಗರವು ಸ್ಮಾರ್ಟ್ ಸಿಟಿ ಪಟ್ಟಿಗೂ ಸೇರಿತು. ಊರು ಹೀಗೆ ಬೆಳೆಯುವಾಗ, ಯಾವ ಜಾಗದಲ್ಲಿ ಮನೆ, ಯಾವ ಜಾಗದಲ್ಲಿ ಕಾರ್ಖಾನೆ, ಯಾವ ಜಾಗದಲ್ಲಿ ಮಕ್ಕಳ ಆಟ ಎಂಬ ಪ್ರಶ್ನೆ ಏಳುವುದು ಸಹಜ. ಇದು ಅಧಿಕಾರಿಗಳ ಮತ್ತು ರಾಜಕಾರಣಿಗಳ ತಲೆನೋವು, ನಮಗೇಕೆ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಇದು ನಮ್ಮ ಮನಸ್ಸಾಕ್ಷಿಯ ಪ್ರಶ್ನೆಯೂ ಹೌದು.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ಅಂತರಸನಹಳ್ಳಿಯಂಥ ಕಡೆ ಒಂದು ಹೊಸ ಬಡಾವಣೆ. ನಕ್ಷೆಯಲ್ಲಿ ಒಂದು ಮೂಲೆಗೆ ಹಸಿರು ಬಣ್ಣ ಬಳಿದು 'ಉದ್ಯಾನವನ' ಎಂದು ಬರೆದಿದ್ದಾರೆ. ಆದರೆ ಅಲ್ಲಿ ಉದ್ಯಾನವೂ ಇಲ್ಲ, ವನವೂ ಇಲ್ಲ. ಪಾರ್ಥೇನಿಯಂ ಗಿಡ, ಒಡೆದ ಇಟ್ಟಿಗೆ, ಸಂಜೆ ಹೊತ್ತು ಕ್ರಿಕೆಟ್ ಆಡುವ ನಾಲ್ಕಾರು ಹುಡುಗರು, ಅಷ್ಟೇ. ಆ ಬಡಾವಣೆಯಲ್ಲಿ ಹತ್ತಿಪ್ಪತ್ತು ಕಥೋಲಿಕ ಕುಟುಂಬಗಳು ನೆಲೆಸಿವೆ. ಒಂದು ಭಾನುವಾರ ಪೂಜೆ ಮುಗಿಸಿ ಬರುವಾಗ ಯಾರೋ ಹೇಳುತ್ತಾರೆ: "ಆ ಮೂಲೆಯಲ್ಲಿ ಮಾತೆ ಮರಿಯಮ್ಮನವರ ಒಂದು ಗವಿ ಕಟ್ಟೋಣ. ಹಾಳುಬಿದ್ದ ಜಾಗ ತಾನೇ? ಜಪಸರ ಪ್ರಾರ್ಥನೆಗೆ ಅನುಕೂಲವಾಗುತ್ತದೆ. ಪಾಲಿಕೆ ಸದಸ್ಯರು ನಮಗೆ ಬೇಕಾದವರೇ." ಎಲ್ಲರೂ ತಲೆಯಾಡಿಸುತ್ತಾರೆ. ಇದರಲ್ಲಿ ತಪ್ಪೇನಿದೆ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಬೆಂಗಳೂರಿನ ಒಂದು ನೈಜ ಪ್ರಕರಣ ನೆನಪಾಗುತ್ತದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನವನಕ್ಕೆಂದು ಮೀಸಲಿಟ್ಟಿದ್ದ ಜಾಗವನ್ನು 1976ರಲ್ಲಿ, ಸರ್ಕಾರದ ಸೂಚನೆಯಂತೆ, ಒಂದು ವೈದ್ಯಕೀಯ ಟ್ರಸ್ಟಿಗೆ ನರ್ಸಿಂಗ್ ಹೋಂ ಕಟ್ಟಲು ಕೊಡಲಾಯಿತು. ಅಲ್ಲಿಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಅವರು ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಕೊನೆಗೆ 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿಯೇ ತೀರ್ಪು ನೀಡಿತು. ಹದಿನೈದು ವರ್ಷಗಳ ಮಾತು! ಜನರ ಉಪಯೋಗಕ್ಕೆಂದು ಯೋಜನೆಯಲ್ಲಿ ಮೀಸಲಿಟ್ಟ ಉದ್ಯಾನವನ್ನು ಖಾಸಗಿ ಆಸ್ಪತ್ರೆಗೆ ಬಿಟ್ಟುಕೊಡಲಾಗದು, ಒಂದಕ್ಕೆ ಇನ್ನೊಂದು ಬದಲಿಯಾಗದು ಎಂಬುದು ಆ ತೀರ್ಪಿನ ಸಾರ.

ಇಲ್ಲಿ ನಾವು ಪ್ರಾಮಾಣಿಕವಾಗಿ ಯೋಚಿಸಬೇಕು. ಆಸ್ಪತ್ರೆ ಕೆಟ್ಟದ್ದೇ? ಖಂಡಿತ ಅಲ್ಲ. ಜೀವ ಉಳಿಸುವ ಆಸ್ಪತ್ರೆಯೆಲ್ಲಿ, ಸಂಜೆ ಸುತ್ತಾಡುವ ಪಾರ್ಕೆಲ್ಲಿ ಎಂದು ಯಾರಾದರೂ ಕೇಳಿದರೆ ನಾವು ಥಟ್ಟನೆ ಆಸ್ಪತ್ರೆಯ ಪರವೇ ನಿಲ್ಲುತ್ತೇವೆ. ಆದರೆ ಪ್ರಶ್ನೆ ಇರುವುದು ಎರಡರಲ್ಲಿ ಯಾವುದು ಹೆಚ್ಚು ಒಳ್ಳೆಯದು ಎಂದಲ್ಲ, ಕೊಡುವ ಹಕ್ಕು ಯಾರಿಗಿದೆ ಎಂದು. ನನ್ನ ಜೇಬಿನ ಹಣವನ್ನು ನಾನು ಬಡವನಿಗೆ ಕೊಟ್ಟರೆ ಅದು ದಾನ. ಪಕ್ಕದ ಮನೆಯವರ ಜೇಬಿನಿಂದ ತೆಗೆದು ಕೊಟ್ಟರೆ ಏನೆನ್ನುತ್ತೀರಿ? 'ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ' ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗಾದರೆ ಆ ಹಸಿರು ಮೂಲೆ ಯಾರದು? ನಿವೇಶನ ಕೊಳ್ಳುವಾಗ ನಕ್ಷೆ ನೋಡಿ, 'ಇಲ್ಲಿ ನಮ್ಮ ಮಕ್ಕಳಿಗೆ ಆಟದ ಜಾಗ ಇರುತ್ತದೆ' ಎಂದು ನಂಬಿ ಸಾಲ ಮಾಡಿದ ಪ್ರತಿಯೊಂದು ಕುಟುಂಬದ್ದು. ಬಾಡಿಗೆಗಿದ್ದು ಮಾರುಕಟ್ಟೆಯಲ್ಲಿ ಮೂಟೆ ಹೊರುವವನ ಮಗನದು. ಇನ್ನೂ ಹುಟ್ಟದ ಮಕ್ಕಳದು. ನಕ್ಷೆಯೆಂಬುದು ಊರು ತನಗೆ ತಾನೇ ಕೊಟ್ಟುಕೊಂಡ ಮಾತು. ನಮ್ಮ ಅಜ್ಜಂದಿರ ಕಾಲದಲ್ಲಿ ಗುಂಡುತೋಪು, ಗೋಮಾಳ, ಕೆರೆ ಇವೆಲ್ಲ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಹಾಗೆಂದು ಯಾರೂ ದಿಕ್ಕಿಲ್ಲದ ಜಾಗವೆಂದು ಅವನ್ನು ತಿಳಿಯುತ್ತಿರಲಿಲ್ಲ. 'ಯಾರದೂ ಅಲ್ಲ' ಎಂಬುದಕ್ಕೂ 'ಎಲ್ಲರದು' ಎಂಬುದಕ್ಕೂ ಇರುವ ಅಂತರವನ್ನು ನಾವು ಮರೆತ ದಿನವೇ ಕೆರೆಗಳು ಸೈಟುಗಳಾದವು.

"ಹಾಗಾದರೆ ನಕ್ಷೆಯೇನು ದೇವವಾಕ್ಯವೇ? ಕಾಲ ಬದಲಾದಂತೆ ಅದನ್ನೂ ಬದಲಿಸಬೇಡವೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೊಲವಾಗಿದ್ದ ನೆಲ ಕೈಗಾರಿಕಾ ಪ್ರದೇಶವಾದದ್ದು ಬದಲಾವಣೆಯಿಂದಲೇ. ಅದರಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಕಾನೂನು ಬದಲಾವಣೆಯ ಬಾಗಿಲನ್ನು ಮುಚ್ಚಿಲ್ಲ. ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಭೂಕಂದಾಯ ಕಾಯಿದೆಯಲ್ಲಿ ಅನ್ಯಕ್ರಾಂತದ ದಾರಿಯಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಮಹಾಯೋಜನೆಯಲ್ಲಿ ಭೂಬಳಕೆಯನ್ನು ಬದಲಿಸಲು ಅವಕಾಶ ಕೊಟ್ಟಿದೆ. ಆದರೆ ಆ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಅದನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆಗಳನ್ನು ಕೇಳಬೇಕು ಎಂಬ ನಿಬಂಧನೆಗಳಿವೆ. ಕೊಟ್ಟ ಮಾತನ್ನು ಎಲ್ಲರ ಮುಂದೆ ಕಾರಣ ಹೇಳಿ ಬದಲಿಸುವುದು ಬೇರೆ, ಕತ್ತಲಲ್ಲಿ ಮುರಿಯುವುದು ಬೇರೆ. ಗಂಡ ಹೆಂಡತಿ ಕುಳಿತು ಮಾತನಾಡಿ ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಮಗನ ಓದಿಗೆ ಬಳಸಬಹುದು. ಒಬ್ಬರೇ ಗುಟ್ಟಾಗಿ ತೆಗೆದರೆ, ಅದು ಅದೇ ಓದಿಗಾದರೂ, ಮನೆಯ ನಂಬಿಕೆ ಬಿರುಕುಬಿಡುತ್ತದೆ.

ರಾಜ ಅಹಾಬನು ನಾಬೋತನ ದ್ರಾಕ್ಷಿತೋಟವನ್ನು ಕೇಳಿದಾಗ, ಅದಕ್ಕಿಂತ ಉತ್ತಮವಾದ ತೋಟವನ್ನೋ ಬೆಲೆಯನ್ನೋ ಕೊಡುತ್ತೇನೆಂದೇ ಹೇಳಿದ್ದ. ಕೇಳಿದ್ದು ಅವನ ಪಾಪವಲ್ಲ. 'ಕೊಡುವುದಿಲ್ಲ' ಎಂಬ ಉತ್ತರವನ್ನು ಅವನಿಗೆ ಸಹಿಸಲಾಗಲಿಲ್ಲ. ಅರಮನೆಯ ಪಾಪ ಅಲ್ಲಿಂದ ಆರಂಭವಾಯಿತು.

ಈಗ ನಮ್ಮ ಗವಿಯ ವಿಷಯಕ್ಕೆ ಬರೋಣ. ಸಾರ್ವಜನಿಕ ರಸ್ತೆ, ಉದ್ಯಾನ ಮುಂತಾದ ಜಾಗಗಳಲ್ಲಿ ಮಂದಿರ, ಚರ್ಚು, ಮಸೀದಿ, ಗುರುದ್ವಾರಗಳ ಹೆಸರಿನಲ್ಲಿ ಅನಧಿಕೃತ ಕಟ್ಟಡ ಕಟ್ಟಲು ಬಿಡಬಾರದೆಂದು ಸುಪ್ರೀಂ ಕೋರ್ಟು 2009ರಲ್ಲಿ ಆದೇಶಿಸಿತು. ಕಾನೂನು ಹಾಗಿದೆ ಎಂಬುದಷ್ಟೇ ನಮ್ಮ ಕಾರಣವಾಗಬಾರದು. ನಾಳೆ ಬೇರೆ ಧರ್ಮದವರು ಉಳಿದ ಮೂಲೆಯಲ್ಲಿ ತಮ್ಮದನ್ನು ಕಟ್ಟಲು ಬಂದರೆ ಯಾವ ಮುಖ ಹೊತ್ತು ಬೇಡವೆನ್ನುತ್ತೇವೆ? ಕ್ರಿಕೆಟ್ ಆಡುತ್ತಿದ್ದ ಹುಡುಗರು ರಸ್ತೆಗೆ ಇಳಿದು, ಲಾರಿಗಳ ನಡುವೆ ಚೆಂಡು ಹುಡುಕುವಾಗ, ನಾವು ಆ ಗವಿಯ ಮುಂದೆ ಮೊಣಕಾಲೂರಿ ಯಾರಿಗಾಗಿ ಪ್ರಾರ್ಥಿಸುತ್ತೇವೆ? ಮಕ್ಕಳ ಜಾಗವನ್ನು ಕಿತ್ತುಕೊಂಡು ತಾಯಿಗೆ ಅರ್ಪಿಸಿದರೆ ಯಾವ ತಾಯಿ ಸಂತೋಷಪಟ್ಟಾಳು?

ನಿಜವಾಗಿ ಬೇಕಿದ್ದರೆ ದಾರಿಗಳಿವೆ. ನಾಗರಿಕ ಸೌಲಭ್ಯ ನಿವೇಶನಕ್ಕೆ ನಿಯಮದಂತೆ ಅರ್ಜಿ ಹಾಕಬಹುದು, ಎಲ್ಲರೂ ಸೇರಿ ಹಣ ಕೂಡಿಸಿ ಒಂದು ನಿವೇಶನ ಕೊಳ್ಳಬಹುದು, ಅಲ್ಲಿಯವರೆಗೆ ವಾರಕ್ಕೊಂದು ಮನೆಯಲ್ಲಿ ಜಪಸರ ಹೇಳಬಹುದು. ತಡವಾಗಬಹುದು. ಆದರೆ ಯಾರ ಕಣ್ಣೀರೂ ಅದರ ಅಡಿಪಾಯದಲ್ಲಿ ಇರುವುದಿಲ್ಲ.

ಇನ್ನೊಂದು ಮಾತು. ದೊಡ್ಡವರ ಒತ್ತುವರಿಯನ್ನು ಖಂಡಿಸುವ ನಾವು ನಮ್ಮ ಮನೆಯ ಅಂಗಳವನ್ನೂ ನೋಡಿಕೊಳ್ಳಬೇಕು. ಕಾರು ಹತ್ತಿಸಲು ಚರಂಡಿಯ ಮೇಲೆ ಹಾಕಿದ ಕಲ್ಲುಚಪ್ಪಡಿ, ಬಿಡಬೇಕಾದ ಮೂರಡಿ ಬಿಡದೆ ಎಬ್ಬಿಸಿದ ಗೋಡೆ ಇವೂ ಅದೇ ಜಾತಿಯವು. ಇಂಥ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸಲು ರಾಜ್ಯದಲ್ಲಿ 2007ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಆ 'ಅಕ್ರಮ-ಸಕ್ರಮ'ಕ್ಕೆ 2017ರಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ನೀಡಿತು. ಅಕ್ರಮ ಮಾಡಿದವರು ಬೇರೆ ಯಾರೋ ಅಲ್ಲ. ಮರ್ಯಾದಸ್ಥರೆನಿಸಿಕೊಂಡ ನಮ್ಮಂಥ ಕುಟುಂಬದವರೂ ಅವರಲ್ಲಿದ್ದರು.

1992ರ ಸಂವಿಧಾನದ 74ನೆಯ ತಿದ್ದುಪಡಿಯು ನಗರ ಯೋಜನೆ, ಭೂಬಳಕೆಯ ನಿಯಂತ್ರಣ ಇವನ್ನು ನಗರಸಭೆಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಮೊದಲಿಗೇ ಇರಿಸಿತು. ಅಂದರೆ ಈ ಮಾತುಕತೆ ನಮ್ಮ ಬೀದಿಗೆ ಬಂದಿದೆ. ಪತ್ರಿಕೆಯ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರುವ ಭೂಬಳಕೆ ಬದಲಾವಣೆಯ ಪ್ರಕಟಣೆಯನ್ನು ಇನ್ನು ಮುಂದೆ ಓದಿ. ಆಕ್ಷೇಪಣೆ ಇದ್ದರೆ ಬರೆದು ಕೊಡಿ. ಇಲ್ಲದಿದ್ದರೆ ಏಕೆ ಇಲ್ಲವೆಂದು ಮನೆಯಲ್ಲಿ ಚರ್ಚಿಸಿ.

ಮತ್ತು ಇಂದು ಸಂಜೆ, ಪ್ರಾರ್ಥನೆಗೆ ಕೂರುವ ಮುನ್ನ, ನಿಮ್ಮ ಮಗನನ್ನೋ ಮೊಮ್ಮಗಳನ್ನೋ ಒಂದು ಮಾತು ಕೇಳಿ: "ಮಗು, ನೀನು ಎಲ್ಲಿ ಆಡುತ್ತೀಯ?" ಅವರು ಕೊಡುವ ಉತ್ತರದಲ್ಲಿ ನಿಮ್ಮ ಊರಿನ ನಕ್ಷೆ ನಿಮಗೆ ಕಾಣಿಸುತ್ತದೆ.