ಕಣ್ಣು ಮುಚ್ಚಿ ಕೂರಿಸಿದ ದಿನಗಳು

ಇಳಕಲ್ಲಿನ ಹೈಸ್ಕೂಲೊಂದರಲ್ಲಿದ್ದಾಗ ಒಂಬತ್ತನೆಯ ಇಯತ್ತೆಯ ಮಕ್ಕಳನ್ನು ಪಾಠಕ್ಕೆ ಮೊದಲು ಐದು ನಿಮಿಷ ಕಣ್ಣು ಮುಚ್ಚಿ ಕೂರಿಸುತ್ತಿದ್ದೆ. ಬಾದಾಮಿ ಹತ್ತಿರದ ಶಿವಯೋಗಮಂದಿರ ನೋಡಿ ಬಂದ ಮೇಲೆ ಹತ್ತಿದ ಹುಚ್ಚು ಅದು. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಮಲಪ್ರಭೆಯ ದಂಡೆಯ ಮೇಲೆ ಕಟ್ಟಿದ ಸಂಸ್ಥೆ. ಗದಗಿನ ಪಂಚಾಕ್ಷರಿ ಗವಾಯಿಗಳಿಗೆ ಬಾಲ್ಯದಲ್ಲಿ ಸಂಗೀತದ ದಾರಿ ತೋರಿದವರೂ ಅವರೇ. ಮೌನ ಇದ್ದಲ್ಲಿ ಹಾಡೂ ಹುಟ್ಟೀತು ಎಂದು ನಂಬಿದೆ.

ತರಗತಿಯೇನೋ ಸದ್ದಡಗಿತು. ಆದರೆ ನಿಬಂಧ ಬರೆಸಿದರೆ ಎಲ್ಲರ ನೋಟುಬುಕ್ಕಿನಲ್ಲೂ ಗೈಡಿನ ಅವೇ ಸಾಲುಗಳು!

ಒಂದು ದಿನ ನೇಕಾರರ ಮನೆಯ ಹುಡುಗಿಯೊಬ್ಬಳು ಕಣ್ಣು ತೆರೆದು ಬೆರಳು ಆಡಿಸುತ್ತಿದ್ದಳು. ಎಬ್ಬಿಸಿ ಕೇಳಿದೆ.

"ಮನ್ಯಾಗ ಕೊಂಡಿ ಹಾಕುವಾಗ ಮನಸು ತಾನ ಸುಮ್ಮನಾಗತೈತ್ರೀ ಅಕ್ಕೋರೆ. ಇಲ್ಲಿ ಕಣ್ಣು ಮುಚ್ಚಿದ್ರ ನಿಮ್ಮ ಬೆತ್ತಾನ ಕಾಣತೈತ್ರೀ."

ಎಲ್ಲರೂ ನಕ್ಕರು. ಇಡೀ ಪಿರಿಯಡ್ಡು ಅವಳನ್ನು ನಿಲ್ಲಿಸಿದೆ.

ನಾವು ಉಡುವ ಇಳಕಲ್ ಸೀರೆಯ ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಅದೂ ಪ್ರತಿ ಸೀರೆಗೂ ಹೊಸದಾಗಿ. ಇಷ್ಟು ವರ್ಷ ಉಟ್ಟರೂ ಆ ಕೈಗಳ ಬಗ್ಗೆ ನಾನು ಯೋಚಿಸಿರಲಿಲ್ಲ.

ಆ ಬೇಸಿಗೆ ರಜೆಯಲ್ಲಿ ಚೀನಾದ ಕನ್ಫ್ಯೂಷಿಯಸ್ ಪಂಥದ ಬಗ್ಗೆ ಓದಿದೆ. ನಮ್ಮ ಬಸವಣ್ಣನವರ ಶತಮಾನದಲ್ಲೇ, 1130ರಲ್ಲಿ ಹುಟ್ಟಿದ ಝು ಷಿ ಎಂಬ ಗುರು ಶಿಷ್ಯರಿಗೆ ಮೌನವಾಗಿ ಕೂರುವುದನ್ನು ಹೇಳಿಕೊಡುತ್ತಿದ್ದ. ಮನಸ್ಸನ್ನು ಬರಿದು ಮಾಡಲಿಕ್ಕಲ್ಲ; ಚೆದುರಿದ್ದನ್ನು ಒಟ್ಟುಗೂಡಿಸಿಕೊಂಡು ಮತ್ತೆ ಓದಿಗೆ, ಮನೆಯ ಕರ್ತವ್ಯಕ್ಕೆ ಮರಳಲಿಕ್ಕೆ. ಕೂತಾಗ ಇರುವ ಶ್ರದ್ಧೆ ಕೈಯ ಕೆಲಸದಲ್ಲೂ ಇರಬೇಕು ಎನ್ನುವವನು ಅವನು. ಕನ್ಫ್ಯೂಷಿಯಸನೂ ಒಮ್ಮೆ ಊಟ, ನಿದ್ದೆ ಬಿಟ್ಟು ಬರೀ ಯೋಚಿಸುತ್ತ ಕೂತು, ಏನೂ ದಕ್ಕದೆ, ಇದಕ್ಕಿಂತ ಕಲಿಯುವುದೇ ಮೇಲು ಅಂದನಂತೆ.

ಪುಸ್ತಕ ಮಡಚಿಟ್ಟೆ. ನನ್ನ ತರಗತಿಯಲ್ಲಿ ನಿಜವಾಗಿ ಧ್ಯಾನ ಗೊತ್ತಿದ್ದವಳು ಒಬ್ಬಳೇ. ಶಿಕ್ಷೆ ಆದದ್ದೂ ಅವಳಿಗೇ. ಹಾಗೆಂದು ಮಗುವಿನ ದುಡಿಮೆಯನ್ನೆಲ್ಲ ಧ್ಯಾನವೆಂದು ಹೊಗಳಲಾರೆ. ಕೊಂಡಿ ಹಾಕುತ್ತ ಹೋಮ್‌ವರ್ಕ್ ತಪ್ಪಿದ ಹುಡುಗಿಯರನ್ನೂ ಕಂಡಿದ್ದೇನೆ. ಆದರೆ ಭಯದಿಂದ ಬಾಯಿ ಮುಚ್ಚಿಸಿ, ಅದಕ್ಕೆ ಏಕಾಗ್ರತೆ ಎಂದು ಹೆಸರಿಡುವ ಹಕ್ಕು ನನಗೆಲ್ಲಿಂದ ಬಂತು?

ಜೂನಿನಲ್ಲಿ ಬೆತ್ತ ಕಪಾಟಿನಲ್ಲೇ ಉಳಿಯಿತು. "ಬೇಕಾದರೆ ಕಣ್ಣು ಮುಚ್ಚಿರಿ, ಬ್ಯಾಡಂದ್ರ ಕಿಟಕಿ ಹೊರಗ ನೋಡ್ರಿ. ಆಮ್ಯಾಲ ನಿಮ್ಮ ಕೈಗೆ ಗೊತ್ತಿರೋ ಕೆಲಸದ ಬಗ್ಗೆ ಬರೀರಿ" ಎಂದೆ. ಮೊದಲ ವಾರ ಬರೀ ಗದ್ದಲ. ಪಕ್ಕದ ತರಗತಿಯ ಮಾಸ್ತರರು ಬಾಗಿಲಿಗೆ ಬಂದು ಇಣುಕಿ ಹೋದರು.

ಆ ಹುಡುಗಿ ಎಂಟು ಸಾಲು ಬರೆದಿದ್ದಳು. ಅವಳ ಅಜ್ಜಿಗೆ ಈಗ ಕಣ್ಣು ಕಾಣುವುದಿಲ್ಲವಂತೆ. ಬೆರಳಿನಿಂದಲೇ ಎಳೆ ಎಣಿಸುತ್ತಾಳಂತೆ. ನಡುವೆ ಯಾರಾದರೂ ಮಾತಾಡಿಸಿದರೆ ಬೈಯುತ್ತಾಳಂತೆ.