ಗರಗಸಕ್ಕೆ ಕುಂಕುಮ

ಆಯುಧಪೂಜೆಯ ದಿನ ಯಲಹಂಕದ ಕಡೆ ಲಾರಿ, ಲೇತ್‌ಗಳಿಗಾಗುವ ಪೂಜೆ ಪೆಟ್ರೋಲ್ ಗರಗಸಕ್ಕೂ ಸಲ್ಲಬೇಕಾದ್ದೇ. ಆದರೆ ವರ್ಷವಿಡೀ ಅದಕ್ಕೆ ಸಲ್ಲುವ ಪೂಜೆ ಯಾವುದು? 12ನೇ ಶತಮಾನದ ಶರಣರಿಗೆ ಕಾಯಕವೇ ಪೂಜೆ. ಆ ಲೆಕ್ಕದಲ್ಲಿ ದುಂಡು ಅರದಿಂದ ಹಲ್ಲು ಮಸೆಯುವುದು, ಏರ್ ಫಿಲ್ಟರಿನ ಹೊಟ್ಟು ಕೊಡವುವುದು, ಚೈನಿಗೆ ಎಣ್ಣೆ ತುಂಬುವುದು ಮಂಗಳಾರತಿಗೆ ಕಡಿಮೆಯಲ್ಲ. ಮೊಂಡು ಹಲ್ಲು ಚಕ್ಕೆ ಎಬ್ಬಿಸದೆ ಪುಡಿ ಉದುರಿಸುತ್ತದೆ. ಕೆಲಸಗಾರ ಬಲ ಹಾಕಿ ಒತ್ತತೊಡಗುತ್ತಾನೆ, ಅಪಾಯ ಅಲ್ಲೇ. ಚೈನು ಸುತ್ತುವ ಪಟ್ಟಿಯ, ಅಂದರೆ ಬಾರಿನ, ತುದಿಯ ಮೇಲಂಚು ಕೊಂಬೆಗೆ ತಾಗಿದರೆ ಯಂತ್ರ ರೆಪ್ಪೆ ಬಡಿಯುವುದರೊಳಗೆ ಮುಖದತ್ತ ಚಿಮ್ಮುತ್ತದೆ. ಆಗ ಕಾಯುವುದು ಚೈನ್ ಬ್ರೇಕ್ ಮತ್ತು ಎರಡೂ ಕೈಯ ಹಿಡಿತ, ಕಟ್ಟಿದ ನಿಂಬೆಹಣ್ಣಲ್ಲ.

ಇನ್ನು ಮರ. ಜೈನರಿಗೆ ಅದು ಏಕೇಂದ್ರಿಯ ಜೀವ, ಕಡಿದರೆ ಹಿಂಸೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಕೇಳುವುದು ವೃಕ್ಷಾಧಿಕಾರಿಯ ಅನುಮತಿ. ಪಾಪದ ಲೆಕ್ಕ ಅದರ ವ್ಯಾಪ್ತಿಗೆ ಬರುವುದಿಲ್ಲ.