ಪರಿಗ್ರಹ ಪರಿಮಾಣ ಮತ್ತು ಎರಡನೆಯ ಮನೆ



ಮಹಾಲಕ್ಷ್ಮಿ ಲೇಔಟಿನಲ್ಲಿ ಸ್ವಂತ ಮನೆಯುಳ್ಳ ಶ್ರಾವಕರೊಬ್ಬರು ದಶಲಕ್ಷಣ ಪರ್ವದ ಉತ್ತಮ ಆಕಿಂಚನ್ಯದ ದಿನ 'ಒಂದೇ ಮನೆ ಸಾಕು' ಎಂದು ಪರಿಮಾಣ ಮಾಡಿಕೊಂಡಿದ್ದರು. ಈಗ ನಂದಿಬೆಟ್ಟದ ತಪ್ಪಲಿನಲ್ಲಿ, 18 ಕುಳಿಗಳ ಗಾಲ್ಫ್ ಮೈದಾನದ ಅಂಚಿನ ಕಾವಲುಳ್ಳ ಬಡಾವಣೆಯಲ್ಲಿ ಬಂಗಲೆ ಕೊಳ್ಳುವ ಆಸೆ ಅವರಿಗೆ. "ಮೇಷ್ಟ್ರೇ, ಮನೆಯವಳ ಹೆಸರಿಗೆ ನೋಂದಾಯಿಸಿದರೆ ವ್ರತಭಂಗವಾಗದಲ್ಲವೇ?" ಎಂದು ಕೇಳಿದರು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ಮೂರ್ಛೆ ಎಂದು ಕರೆದಿದ್ದಾರೆ. 'ಇದು ನನ್ನದು' ಎಂಬ ಮಮತ್ವವೇ ಮೂರ್ಛೆ. ಈ ವ್ರತದ ಅತಿಚಾರಗಳಲ್ಲಿ ಮೊದಲು ಎಣಿಸಿರುವುದು ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ. ನೋಂದಣಿ ಕಚೇರಿಯು ಹೆಸರನ್ನು ನೋಡುತ್ತದೆ. ಕರ್ಮಬಂಧವು ಭಾವವನ್ನು ಅನುಸರಿಸುತ್ತದೆ. ಪತ್ರ ಯಾರ ಹೆಸರಿನಲ್ಲಿದ್ದರೂ ಆಸೆ ಅವರದೇ ಅಲ್ಲವೇ?

ಇನ್ನೊಂದು ವಿಚಾರ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಪ್ರಯೋಜನವಿಲ್ಲದೆ ಗಿಡ ಕಡಿಯುವುದು, ನೆಲ ಅಗೆಯುವುದು, ನೀರೆರೆಯುವುದು ಇವನ್ನು ಪ್ರಮಾದಾಚರಿತವೆಂಬ ಅನರ್ಥದಂಡವೆಂದಿದ್ದಾರೆ. ರೈತರು ಕೊಳವೆಬಾವಿಯನ್ನೇ ನಂಬಿರುವ ಆ ಬಯಲುಸೀಮೆಯಲ್ಲಿ ಆಟದ ಹುಲ್ಲನ್ನು ಹಸಿರಾಗಿಡುವುದು ಯಾವ ಪ್ರಯೋಜನಕ್ಕೆ?

"ಹಣ ನ್ಯಾಯವಾಗಿ ಗಳಿಸಿದ್ದು, ಮೇಷ್ಟ್ರೇ" ಎಂದರು. ನಿಜ. ಆದರೆ ಹಣವಿಲ್ಲದವನಿಗೆ ಈ ಮಿತಿಯ ಪರೀಕ್ಷೆ ಎಲ್ಲಿಯದು? ಕೊಳ್ಳುವ ಶಕ್ತಿ ಬಂದಾಗಲೇ ವ್ರತಕ್ಕೆ ಬೆಲೆ. ಮಿತಿ ಮೀರಿ ಬಂದ ಸಂಪತ್ತಿಗೆ ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನದ ದಾರಿಯಿದೆ.

ಅವರು ಇನ್ನೂ ಮುಂಗಡ ಕೊಟ್ಟಿಲ್ಲ; ಯೋಚಿಸುತ್ತಿದ್ದಾರೆ. ನಾವೂ ಮುಂದಿನ ಚತುರ್ದಶಿಯ ಉಪವಾಸದಂದು ನಮ್ಮ ಕ್ಷೇತ್ರ-ವಾಸ್ತುಗಳನ್ನು ಒಂದು ಹಾಳೆಯಲ್ಲಿ ಬರೆದು, ಅದರ ಕೆಳಗೆ ಗೆರೆ ಎಳೆಯೋಣ.

ಜೈ ಜಿನೇಂದ್ರ.